ನಿಮ್ಮ ಲೇಖನ ಇನ್ನೂ ನೆಲಕ್ಕೆ ಇಳಿದಿಲ್ಲ

ನಮಸ್ಕಾರ.

ನೀವು ಕಳಿಸಿದ ‘ಆಕಾಶದಿಂದ ಗೆದ್ದ ಯುದ್ಧ’ ಲೇಖನವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ‘ಧನ್ಯವಾದ, ಬಳಸಿಕೊಳ್ಳಲು ಆಗುತ್ತಿಲ್ಲ’ ಅಂತ ಒಂದು ಸಾಲು ಕಳಿಸಿ ಸುಮ್ಮನಾಗುತ್ತಿದ್ದೆ.

ನಿಮ್ಮ ವಾದ ಇಷ್ಟು ಅಲ್ವಾ: ಎರಡನೇ ಮಹಾಯುದ್ಧದಲ್ಲಿ ಬ್ರಿಟನ್, ಅಮೆರಿಕ ಸೇರಿ ಜರ್ಮನಿಯ ಊರು, ಕಾರ್ಖಾನೆಗಳ ಮೇಲೆ ಲಕ್ಷಗಟ್ಟಲೆ ಟನ್ ಬಾಂಬ್ ಹಾಕಿದವು, ಜನರ ಧೈರ್ಯ ಉಡುಗಿತು, ಕಾರ್ಖಾನೆಗಳು ನಿಂತವು, ಯುದ್ಧ ಮುಗಿಯಿತು. ಎಲ್ಲ ಕಡೆ ನೀವು ಲೆಕ್ಕ ಹಾಕಿರುವುದು ಮೇಲಿಂದ ಎಷ್ಟು ಬಿತ್ತು ಅಂತ. ಕೆಳಗೆ ಏನು ನಿಂತಿತು ಅಂತ ಒಂದು ಕಡೆಯೂ ಕೇಳಿಲ್ಲ. ಆಗಿನ ವಾಯುಪಡೆಗಳ ದೊಡ್ಡವರೂ ಬಹಳ ಕಾಲ ಹೀಗೇ ಲೆಕ್ಕ ಹಾಕುತ್ತಿದ್ದರು, ಹಾಗಾಗಿ ನಿಮ್ಮೊಬ್ಬರನ್ನೇ ಬೈಯುವುದು ತಪ್ಪು.

ಎರಡನೇ ಪುಟ ನೋಡಿ. 1941ರಲ್ಲೇ ಬ್ರಿಟಿಷ್ ಬಾಂಬರ್‌ಗಳು ಜರ್ಮನಿಯ ರೂರ್ ಕಣಿವೆಯ ಕಾರ್ಖಾನೆಗಳನ್ನು ಪುಡಿಗಟ್ಟುತ್ತಿದ್ದವು ಅಂತ ಬರೆದಿದ್ದೀರಿ. ವಾಪಸ್ ಬಂದ ಪೈಲಟ್‌ಗಳು ‘ಗುರಿಗೆ ಹೊಡೆದೆವು’ ಅಂದರು, ನೀವು ಬರೆದುಕೊಂಡಿರಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಅದೇ ವರ್ಷ ಬಟ್ ಎಂಬ ಸರ್ಕಾರಿ ಅಧಿಕಾರಿ ದಾಳಿಯ ಹೊತ್ತಿಗೆ ವಿಮಾನದಿಂದಲೇ ತೆಗೆದ ಆರುನೂರಕ್ಕೂ ಹೆಚ್ಚು ಫೋಟೋಗಳನ್ನು ಮುಂದಿಟ್ಟುಕೊಂಡು ಕೂತ. ಗುರಿ ತಲುಪಿದೆವು ಅಂದ ವಿಮಾನಗಳಲ್ಲಿ ಮೂರಕ್ಕೆ ಒಂದು ಮಾತ್ರ ಗುರಿಯಿಂದ ಐದು ಮೈಲಿಯ ಒಳಗೆ ಹೋಗಿತ್ತು. ಹೊಗೆ ಮುಸುಕಿದ ರೂರ್ ಕಣಿವೆಯಲ್ಲಿ ಹತ್ತಕ್ಕೆ ಒಂದು. ಐದು ಮೈಲಿ ಅಂದರೆ ಎಂಟು ಕಿಲೋಮೀಟರ್. ಅಂದರೆ ಸುಮಾರು 200 ಚದರ ಕಿಲೋಮೀಟರ್ ಜಾಗದಲ್ಲಿ ಎಲ್ಲಿ ಬಿದ್ದರೂ ಅದು ‘ಗುರಿ ತಲುಪಿದ’ ಲೆಕ್ಕಕ್ಕೆ ಸೇರುತ್ತಿತ್ತು! ಕತ್ತಲಲ್ಲಿ ಕಲ್ಲು ತೂರುವುದಕ್ಕೂ ಇದಕ್ಕೂ ಜಾಸ್ತಿ ವ್ಯತ್ಯಾಸ ಇಲ್ಲ.

ಬಟ್ ಕೊಟ್ಟ ಈ ವರದಿ ನಿಮ್ಮ ಲೇಖನದಲ್ಲಿ ಇಲ್ಲದಿರುವುದು ದೊಡ್ಡ ಲೋಪ. ಯಾಕೆಂದರೆ ಮುಂದಿನ ಕತೆಗೆ ಇದೂ ಒಂದು ಕಾರಣ. ಕಾರ್ಖಾನೆಗೆ ಹೊಡೆಯಲು ಆಗದು ಅಂತ ಗೊತ್ತಾಯಿತು. ಸರಿ, ಊರಿಗೇ ಹೊಡೆಯೋಣ ಅಂದರು. ಬ್ರಿಟಿಷ್ ಬಾಂಬರ್‌ಗಳಿಗೆ ಕೊಟ್ಟ 1942ರ ಫೆಬ್ರವರಿಯ ಆದೇಶದಲ್ಲಿ ಜನರ, ಅದರಲ್ಲೂ ಕಾರ್ಮಿಕರ, ಧೈರ್ಯ ಮುರಿಯುವುದೇ ಗುರಿ ಅಂತ ನೇರವಾಗಿ ಬರೆದಿತ್ತು. ನೀವು ಇದನ್ನು ‘ದೂರದೃಷ್ಟಿಯ ಯೋಜನೆ’ ಅಂತೀರಿ. ನನಗೆ ಕಾಣುವುದು ಕೈಲಾಗದ್ದನ್ನು ಬಿಟ್ಟು ಕೈಲಾದದ್ದಕ್ಕೆ ಯೋಜನೆ ಅಂತ ಹೆಸರಿಟ್ಟದ್ದು.

ಇನ್ನು ಧೈರ್ಯದ ವಿಷಯ. ಇಲ್ಲಿ ನೀವು ನಿಮ್ಮ ಕೈಗೇ ಸಿಕ್ಕಿಬಿದ್ದಿದ್ದೀರಿ. ಮೂರನೇ ಪುಟದಲ್ಲಿ, 1940ರ ಸೆಪ್ಟೆಂಬರ್‌ನಿಂದ 57 ರಾತ್ರಿ ಒಂದೇ ಸಮನೆ ಬಾಂಬ್ ಬಿದ್ದರೂ ಲಂಡನ್ ಜನ ಬಗ್ಗಲಿಲ್ಲ ಅಂತ ಕೊಂಡಾಡುತ್ತೀರಿ. ಐದನೇ ಪುಟದಲ್ಲಿ, 1943ರ ಜುಲೈನಲ್ಲಿ ಹ್ಯಾಂಬರ್ಗ್ ಸುಟ್ಟಮೇಲೆ ಜರ್ಮನ್ ಜನ ಕುಸಿದುಹೋದರು ಅಂತೀರಿ. ಬಾಂಬ್ ಬಿದ್ದರೆ ಲಂಡನ್‌ನವನು ಗಟ್ಟಿ, ಹ್ಯಾಂಬರ್ಗ್‌ನವನು ಮೆತ್ತಗೆ, ಇದು ಹೇಗೆ? ಹ್ಯಾಂಬರ್ಗ್‌ನಲ್ಲಿ ಆದದ್ದು ಘೋರ, ಅನುಮಾನವೇ ಇಲ್ಲ. ಬೆಂಕಿಯೇ ಬಿರುಗಾಳಿಯಾಗಿ ಎದ್ದು, ಆ ಕೆಲವು ದಿನಗಳಲ್ಲಿ 35,000ಕ್ಕೂ ಹೆಚ್ಚು ಜನ ಸತ್ತರು. ಆದರೂ ಕೆಲವೇ ತಿಂಗಳಲ್ಲಿ ಆ ಊರಿನ ಕಾರ್ಖಾನೆಗಳು ಬಹುಮಟ್ಟಿಗೆ ಮತ್ತೆ ನಡೆಯುತ್ತಿದ್ದವು. ಯುದ್ಧ ಮುಗಿದ ಮೇಲೆ ಅಮೆರಿಕದವರೇ ಜರ್ಮನಿಗೆ ಹೋಗಿ ಸಮೀಕ್ಷೆ ಮಾಡಿದಾಗಲೂ ಕಂಡದ್ದು ಇದೇ: ಜನ ಸೋತು ಸುಣ್ಣವಾಗಿದ್ದರು, ಆದರೆ ಕೆಲಸ ಬಿಟ್ಟಿರಲಿಲ್ಲ. ಹೇಗೆ ಬಿಡುತ್ತಾರೆ? ರೇಷನ್ ಬೇಕು, ಸಂಬಳ ಬೇಕು, ಹಿಂದೆ ಪೊಲೀಸರ ಕಣ್ಣು ಬೇರೆ. ಮನೆ ಸುಟ್ಟುಹೋದವನು ಸರ್ಕಾರದ ವಿರುದ್ಧ ದಂಗೆ ಏಳುತ್ತಾನೆ ಅನ್ನುವುದು ಮನೆ ಸುಟ್ಟುಕೊಳ್ಳದವರ ಲೆಕ್ಕ. ಅವನು ಮೊದಲು ಹುಡುಕುವುದು ಒಂದು ಸೂರು.

ಶ್ವೈನ್‌ಫುರ್ಟ್ ಬಗ್ಗೆ ಒಂದೇ ಸಾಲು ಬರೆದು ಮುಂದೆ ಓಡಿದ್ದೀರಿ, ಅದನ್ನೇ ಹಿಗ್ಗಿಸಿ. ಅಮೆರಿಕನ್ನರ ಹಟ ಬೇರೆ: ಬ್ರಿಟಿಷರ ಹಾಗೆ ರಾತ್ರಿ ಅಲ್ಲ, ಹಗಲಲ್ಲೇ ಹೋಗಿ ಗುರಿ ನೋಡಿ ಹಾಕುತ್ತೇವೆ. ಜರ್ಮನಿಯ ಬಾಲ್ ಬೇರಿಂಗ್‌ಗಳಲ್ಲಿ ದೊಡ್ಡ ಪಾಲು ಈ ಒಂದು ಊರಲ್ಲಿ ತಯಾರಾಗುತ್ತಿತ್ತು. ಬೇರಿಂಗ್ ಇಲ್ಲದೆ ಟ್ಯಾಂಕ್ ಇಲ್ಲ, ವಿಮಾನ ಇಲ್ಲ. ಕಾಗದದ ಮೇಲೆ ಎಷ್ಟು ಚೆಂದದ ಯೋಜನೆ! 1943ರ ಆಗಸ್ಟ್ 17ರಂದು ಅಲ್ಲಿಗೂ ವಿಮಾನ ಕಾರ್ಖಾನೆ ಇದ್ದ ರೇಗನ್ಸ್‌ಬುರ್ಗ್‌ಗೂ ಒಟ್ಟಿಗೆ ಹೋದರು, 60 ಬಾಂಬರ್ ಕಳೆದುಕೊಂಡರು. ಅಕ್ಟೋಬರ್ 14ರಂದು 291 ಬಾಂಬರ್ ಮತ್ತೆ ಹೊರಟವು, ಮತ್ತೆ 60 ಬಿದ್ದವು. ಒಂದೊಂದರಲ್ಲಿ ಹತ್ತು ಜನ. ಆಮೇಲೆ ಫೆಬ್ರವರಿವರೆಗೆ ಆ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಜರ್ಮನ್ನರು ಮಾಡಿದ್ದೇನು? ಛಾವಣಿ ಕುಸಿದಿತ್ತು, ಆದರೆ ಕೆಳಗಿನ ಯಂತ್ರಗಳಲ್ಲಿ ಬಹಳಷ್ಟು ಉಳಿದಿದ್ದವು, ಅವನ್ನು ಊರೂರಿಗೆ ಹಂಚಿದರು. ಗೋದಾಮಿನ ದಾಸ್ತಾನು ತೆಗೆದರು, ಸ್ವೀಡನ್‌ನಿಂದ ಒಂದಷ್ಟು ತರಿಸಿಕೊಂಡರು. 1942ರಲ್ಲಿ ಸುಮಾರು 15,000 ವಿಮಾನ ಮಾಡಿದ್ದ ಜರ್ಮನಿ, ಬಾಂಬ್ ದಾಳಿ ಜೋರಾಗಿದ್ದ 1944ರಲ್ಲಿ ಸುಮಾರು 40,000 ಮಾಡಿತು. ‘ಕಾರ್ಖಾನೆ ನಿಂತವು’ ಅನ್ನುವ ನಿಮ್ಮ ಸಾಲನ್ನು ಈ ಅಂಕಿಯ ಪಕ್ಕ ಇಟ್ಟು ಓದಿ ನೋಡಿ.

ಹಾಗಂತ ಪೂರ್ತಿ ಉಲ್ಟಾ ಹೊಡೆಯಬೇಡಿ. ಹೊಸ ಬರಹಗಾರರಿಗೆ ಒಂದು ತಪ್ಪು ತೋರಿಸಿದರೆ ಮುಂದಿನ ಸಲ ಅದರ ವಿರುದ್ಧದ ತಪ್ಪು ಮಾಡಿಕೊಂಡು ಬರುತ್ತಾರೆ, ಅನುಭವದಿಂದ ಹೇಳುತ್ತಿದ್ದೇನೆ. ಬಾಂಬ್ ಬೀಳದಿದ್ದರೆ ಜರ್ಮನಿ 40,000ಕ್ಕಿಂತಲೂ ಜಾಸ್ತಿ ಮಾಡುತ್ತಿತ್ತೇನೋ. ಸಾವಿರಾರು ಫಿರಂಗಿಗಳನ್ನು ರಷ್ಯಾದ ಗಡಿಗೆ ಕಳಿಸದೆ ಮನೆಯಲ್ಲೇ ಆಕಾಶದ ಕಡೆ ತಿರುಗಿಸಿ ಇಟ್ಟುಕೊಳ್ಳಬೇಕಾಯಿತು. ಎಲ್ಲಕ್ಕಿಂತ ಮುಖ್ಯ, ಪೆಟ್ರೋಲ್. 1944ರ ಮೇ 12ರಿಂದ ಅಮೆರಿಕನ್ನರು ಕಲ್ಲಿದ್ದಲಿನಿಂದ ಪೆಟ್ರೋಲ್ ಮಾಡುವ ಘಟಕಗಳ ಮೇಲೆ ಬಿದ್ದರು. ಏಪ್ರಿಲ್‌ನಲ್ಲಿ ಸುಮಾರು 1,75,000 ಟನ್ ಇದ್ದ ವಿಮಾನದ ಪೆಟ್ರೋಲ್ ಉತ್ಪಾದನೆ ಸೆಪ್ಟೆಂಬರ್ ಹೊತ್ತಿಗೆ 20,000 ಟನ್ನಿಗೂ ಕೆಳಗೆ ಇಳಿಯಿತು. ಆ 40,000 ವಿಮಾನಗಳಲ್ಲಿ ಎಷ್ಟೋ ಪೆಟ್ರೋಲ್ ಇಲ್ಲದೆ ನಿಂತಲ್ಲೇ ನಿಂತವು. ಆದರೆ ಇದು ಫಲ ಕೊಟ್ಟದ್ದು ಹೇಗೆ? ರಿಪೇರಿ ಆದಷ್ಟು ಸಲವೂ ಹೋಗಿ ಹೊಡೆದರು, ಲಾಯ್ನಾ ಎಂಬ ಒಂದೇ ಕಾರ್ಖಾನೆಯ ಮೇಲೆ 22 ದಾಳಿ ಆದವು. ಬ್ರಿಟಿಷ್ ಬಾಂಬರ್‌ಗಳ ಮುಖ್ಯಸ್ಥ ಆರ್ಥರ್ ಹ್ಯಾರಿಸ್ ಮಾತ್ರ ಇಂಥ ಗುರಿಗಳನ್ನು ಸರ್ವರೋಗಕ್ಕೂ ಒಂದೇ ಮದ್ದು ಅಂತ ಗೇಲಿ ಮಾಡುತ್ತಿದ್ದ. ಅವನಿಗೆ ಊರುಗಳೇ ಬೇಕಿತ್ತು. ನಿಮ್ಮ ಲೇಖನದ ನಿಜವಾದ ಜಗಳ ಇಲ್ಲಿದೆ, ಇದು ಏಳನೇ ಪುಟದ ಅಡಿಯಲ್ಲಿ ಎರಡು ಸಾಲಾಗಿ ಮಲಗಿದೆ.

ಜರ್ಮನಿಯ ಡ್ರೆಸ್ಡೆನ್ ಊರಿನ ಮೇಲೆ ಬಾಂಬ್ ಬಿದ್ದಾಗ ಎರಡು ಲಕ್ಷ ಜನ ಸತ್ತರು ಅಂತ ಬರೆದಿದ್ದೀರಿ, ತೆಗೆದುಬಿಡಿ. ಅದು ನಾಜಿಗಳು ಹಬ್ಬಿಸಿದ ಅಂಕಿ. ಆ ಊರೇ ನೇಮಿಸಿದ ಇತಿಹಾಸಕಾರರ ಸಮಿತಿ 2010ರಲ್ಲಿ ಕೊಟ್ಟ ಲೆಕ್ಕ ಹೆಚ್ಚೆಂದರೆ 25,000. ಅದೇನು ಕಡಿಮೆಯೇ? ಹಾಗೇ, ಬಾಂಬರ್ ಹತ್ತಿದವರ ಸಾವು ನಿಮ್ಮಲ್ಲಿ ಎಲ್ಲೂ ಇಲ್ಲ. ಬ್ರಿಟಿಷ್ ಬಾಂಬರ್ ಕಮಾಂಡ್‌ನ ಸುಮಾರು 1,25,000 ಜನರಲ್ಲಿ 55,573 ಮಂದಿ ಸತ್ತರು. ಕೆಳಗಿನವರನ್ನೂ ಮೇಲಿನವರನ್ನೂ ಬಿಟ್ಟು ಬರೀ ಟನ್ ಉಳಿಸಿಕೊಂಡಿದ್ದೀರಿ.

ಕೊನೆಗೆ ವಿಯೆಟ್ನಾಂ ಎಳೆದು ತಂದಿದ್ದೀರಿ, ಬೇಡ. ಅದು ಬೇರೆಯೇ ಲೇಖನ. ಉತ್ತರ ವಿಯೆಟ್ನಾಂನಲ್ಲಿ ಹೊಡೆಯುವಂಥ ದೊಡ್ಡ ಕಾರ್ಖಾನೆಗಳೇ ಜಾಸ್ತಿ ಇರಲಿಲ್ಲ, ಆಯುಧ ಬರುತ್ತಿದ್ದದ್ದು ರಷ್ಯಾ, ಚೀನಾದಿಂದ.

ಅದರ ಬದಲು ನಮ್ಮ ಓದುಗರಿಗೆ ಹತ್ತಿರದ್ದು ಒಂದಿದೆ, ನೀವು ಮುಟ್ಟೇ ಇಲ್ಲ. ಖರಗ್‌ಪುರ! ಇವತ್ತು ಐಐಟಿ ಇರುವ ಜಾಗದಲ್ಲಿ, ಹಿಜ್ಲಿಯ ಹಳೇ ಜೈಲು ಕಟ್ಟಡದಲ್ಲಿ, 1944ರಲ್ಲಿ ಅಮೆರಿಕದ ಬಿ-29 ಬಾಂಬರ್‌ಗಳ ಮುಖ್ಯ ಕಚೇರಿ ಇತ್ತು. ಅಲ್ಲಿಂದ ಹಿಮಾಲಯ ದಾಟಿ ಚೀನಾದ ಚೆಂಗ್ಡುಗೆ ಹೋಗಿ, ಪೆಟ್ರೋಲ್ ತುಂಬಿಕೊಂಡು ಜಪಾನಿಗೆ ಹಾರಬೇಕು. ಆ ಪೆಟ್ರೋಲನ್ನೂ ವಿಮಾನದಲ್ಲೇ ಹೊತ್ತು ಹಾಕಬೇಕು. ಒಂದು ದಾಳಿಗೆ ಬೇಕಾದಷ್ಟು ಕೂಡಿಡಲು ಒಂದು ವಿಮಾನ ಆರು ಸಲದಷ್ಟು ಹೋಗಿ ಬರಬೇಕಿತ್ತು. ಮೂಗಿಗಿಂತ ಮೂಗುತಿ ಭಾರ. ಜೂನ್ 15ರಂದು ಜಪಾನಿನ ಯವಾಟದ ಉಕ್ಕಿನ ಕಾರ್ಖಾನೆಗೆ ಹೊರಟವು, 47 ವಿಮಾನ ಬಾಂಬ್ ಹಾಕಿದವು, ಕಾರ್ಖಾನೆಗೆ ಆದ ನಷ್ಟ ಅಷ್ಟಕ್ಕಷ್ಟೇ. ನಾನಾಗಿದ್ದರೆ ಲೇಖನ ಇಲ್ಲಿಂದಲೇ ಶುರು ಮಾಡುತ್ತಿದ್ದೆ.

1,500 ಪದಕ್ಕೆ ಇಳಿಸಿ. ‘ಗಗನದ ಗರುಡಗಳು’, ‘ಲೋಹದ ಹಕ್ಕಿಗಳು’ ಎಲ್ಲ ಹೋಗಲಿ, ವಿಮಾನ ಅಂದರೆ ಸಾಕು. ಶೀರ್ಷಿಕೆ ಬದಲಿಸಿ. ಮುಂದಿನ ತಿಂಗಳ ಹತ್ತರೊಳಗೆ ಕಳಿಸಿದರೆ ಅದೇ ಸಂಚಿಕೆಗೆ ನೋಡುತ್ತೇನೆ, ತಡವಾದರೆ ಫೋನ್ ಮಾಡಿ ಹೇಳಿ, ಜಾಗ ಹಿಡಿದಿಟ್ಟಿರುತ್ತೇನೆ.