ಸೌರಮಂಡಲ ಎಲ್ಲಿ ಮುಗೀತದೆ? ವಾಯೇಜರ್ ನಿಜವಾಗ್ಲೂ ಹೊರಗೆ ಹೋಗಿದೆಯಾ?

ನೀವು ಕೇಳಿದ್ದು ಇಷ್ಟು: ಮಗಳ ಏಳನೇ ಕ್ಲಾಸಿನ ಚಾರ್ಟಲ್ಲಿ ಸೌರಮಂಡಲ ನೆಪ್ಚೂನ್‌ಗೆ ಮುಗಿದು ಹೋಗ್ತದೆ, ಯೂಟ್ಯೂಬಲ್ಲಿ ಒಬ್ಬರು ನಾಸಾ ಕಳಿಸಿದ ವಾಯೇಜರ್ ನೌಕೆ ಸೌರಮಂಡಲ ದಾಟಿ ಹೋಯ್ತು ಅಂತಾರೆ, ಇನ್ನೊಬ್ಬರು ಇಲ್ಲ ಇನ್ನೂ ಒಳಗೇ ಇದೆ ಅಂತಾರೆ, ಯಾವುದು ಸರಿ, ಅದರಾಚೆ ಏನಿದೆ, ಮಗಳಿಗೆ ಟೆಲಿಸ್ಕೋಪ್ ಕೊಡಿಸಬೇಕಾ. ನಾನು ಕಾರವಾರದಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡ್ತೇನೆ, ನನಗೆ ತುಂಬಾ ಇಷ್ಟದ ವಿಷಯ ಇದು, ಹಾಗಾಗಿ ಸ್ವಲ್ಪ ಉದ್ದ ಆಗ್ತದೆ, ಸಮಾಧಾನದಲ್ಲಿ ಓದಿ.

ಮೊದಲು ನೇರ ಉತ್ತರ. ಯೂಟ್ಯೂಬಿನ ಇಬ್ಬರೂ ಹೇಳಿದ್ದು ಸರಿಯೇ, ಯಾಕಂದ್ರೆ ಇಬ್ಬರೂ ಬೇರೆ ಬೇರೆ ಗಡಿ ಇಟ್ಕೊಂಡು ಮಾತಾಡ್ತಿದ್ದಾರೆ. ಸೂರ್ಯನ ಗಾಳಿ ಎಲ್ಲಿ ನಿಲ್ತದೋ ಅದು ಒಂದು ಗಡಿ, ಅದನ್ನ ವಾಯೇಜರ್ ದಾಟಿ ಆಗಿದೆ. ಸೂರ್ಯನ ಗುರುತ್ವದ ಹಿಡಿತ ಎಲ್ಲಿ ಬಿಡ್ತದೋ ಅದು ಇನ್ನೊಂದು ಗಡಿ, ಅದರ ಹತ್ತಿರಕ್ಕೂ ಅದು ಹೋಗಿಲ್ಲ, ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಹೋಗೋದಿಲ್ಲ. ತಪ್ಪಿರೋದು ಚಾರ್ಟು ಮಾತ್ರ.

ಚಾರ್ಟಲ್ಲಿ ಗ್ರಹಗಳನ್ನೆಲ್ಲ ಒಂದರ ಪಕ್ಕ ಒಂದು ಇಡ್ತಾರೆ, ಕಾಗದದಲ್ಲಿ ಬೇರೆ ದಾರಿ ಇಲ್ಲ ಬಿಡಿ. ನಿಜದಲ್ಲಿ ಭೂಮಿಯಿಂದ ಸೂರ್ಯನಿಗೆ ಸುಮಾರು 15 ಕೋಟಿ ಕಿಮೀ, ಇದನ್ನೇ ಒಂದು ಎಯು ಅಂತಾರೆ, ಈ ಲೆಕ್ಕದಲ್ಲಿ ಗುರು 5.2, ಶನಿ 9.5, ಯುರೇನಸ್ 19, ನೆಪ್ಚೂನ್ 30. ಬರಿಗಣ್ಣಿಗೆ ಸಲೀಸಾಗಿ ಕಾಣೋದ್ರಲ್ಲಿ ಶನಿಯೇ ಕಡೇದು, ಸಾವಿರಾರು ವರ್ಷ ಮನುಷ್ಯನ ಲೆಕ್ಕ ಅಲ್ಲಿಗೇ ನಿಂತಿತ್ತು, 1781ರಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ ಕಂಡುಹಿಡಿದಾಗ ನಮಗೆ ಗೊತ್ತಿದ್ದ ಸೌರಮಂಡಲ ಒಂದೇ ಏಟಿಗೆ ಎರಡರಷ್ಟಾಯ್ತು. ನೆಪ್ಚೂನ್ ಸಿಕ್ಕಿದ್ದು 1846ರಲ್ಲಿ, ಅದೂ ಮೊದಲು ಕಾಗದದ ಮೇಲೆ: ಯುರೇನಸ್ ಲೆಕ್ಕದಂತೆ ನಡೀತಾ ಇಲ್ಲ, ಹೊರಗಿಂದ ಏನೋ ಎಳೀತಾ ಇದೆ ಅಂತ ಫ್ರಾನ್ಸಿನ ಲ ವೆರ್ಯೆ ಲೆಕ್ಕ ಹಾಕಿ ಜಾಗ ಹೇಳಿದ, ಬರ್ಲಿನ್ನಲ್ಲಿ ಗಾಲೆ ಅಲ್ಲಿಗೆ ಟೆಲಿಸ್ಕೋಪ್ ತಿರುಗಿಸಿದ, ಸಿಕ್ಕಿಬಿಡ್ತು. ಅದಕ್ಕೆ ಸೂರ್ಯನ ಸುತ್ತ ಒಂದು ಸುತ್ತಿಗೆ 165 ವರ್ಷ ಬೇಕು, ಅಂದ್ರೆ ಕಂಡುಹಿಡಿದ ಮೇಲೆ ಮೊದಲನೇ ಸುತ್ತು ಮುಗಿಸಿದ್ದು 2011ರಲ್ಲಿ.

ನೆಪ್ಚೂನ್ ದಾಟಿದ್ರೆ ಕೈಪರ್ ಬೆಲ್ಟ್, 30ರಿಂದ 50 ಎಯು ತನಕ, ಹಿಮದ ಸಣ್ಣ ಕಾಯಗಳ ರಾಶಿ. ಪ್ಲೂಟೊ ಅಲ್ಲಿಯದ್ದೇ. 2006ರಲ್ಲಿ ಅದನ್ನ ಗ್ರಹದ ಪಟ್ಟಿಯಿಂದ ತೆಗೆದ್ರು ಅಂತ ಜನ ಇವತ್ತಿಗೂ ಬೇಜಾರು ಮಾಡ್ಕೊಳ್ತಾರೆ, ಆದ್ರೆ 1992ರಿಂದ ಅದೇ ಪ್ರದೇಶದಲ್ಲಿ ಒಂದರ ಮೇಲೊಂದು ಸಿಗ್ತಾ ಹೋದವು, 2005ರಲ್ಲಿ ಹೆಚ್ಚು ಕಮ್ಮಿ ಪ್ಲೂಟೊದಷ್ಟೇ ದೊಡ್ಡ ಎರಿಸ್ ಸಿಕ್ಕಿದೆ ಅಂತ ಗೊತ್ತಾಯ್ತು, ಆಮೇಲೆ ಪ್ಲೂಟೊ ಒಂದನ್ನೇ ಗ್ರಹ ಅನ್ನೋಕೆ ನ್ಯಾಯ ಇರಲಿಲ್ಲ. ನನಗೆ ಅದು ಸರಿಯಾದ ತೀರ್ಮಾನ ಅಂತಲೇ ಅನಿಸ್ತದೆ.

ಈಗ ಗಾಳಿ ವಿಷಯಕ್ಕೆ ಬರ್ತೇನೆ. ಸೂರ್ಯನಿಂದ ಬರೇ ಬೆಳಕು ಬರೋದಲ್ಲ, ವಿದ್ಯುದಾವೇಶ ಇರೋ ಕಣಗಳು ಸೆಕೆಂಡಿಗೆ ನೂರಾರು ಕಿಮೀ ವೇಗದಲ್ಲಿ ಎಲ್ಲಾ ಕಡೆಗೂ ಹರೀತಾ ಇರ್ತವೆ, ಅದೇ ಸೌರ ಮಾರುತ. ನಕ್ಷತ್ರಗಳ ನಡುವಿನ ಜಾಗವೂ ಪೂರ್ತಿ ಖಾಲಿ ಅಲ್ಲ, ಅಲ್ಲಿ ತೆಳುವಾದ ಅನಿಲ ಇದೆ, ಅದು ಈ ಮಾರುತವನ್ನ ಹೊರಗಿಂದ ಒತ್ತತದೆ. ಕಾರವಾರದಲ್ಲಿ ಕಾಳಿ ನದಿ ಸಮುದ್ರ ಸೇರೋ ಅಳಿವೆ ನೋಡಿದ್ರೆ ಇದು ಚೆನ್ನಾಗಿ ಅರ್ಥ ಆಗ್ತದೆ. ಜುಲೈನಲ್ಲಿ ಕೋಡಿಬಾಗ ಕಡೆ ನಿಂತ್ರೆ ನದಿಯ ಕೆಂಪು ನೀರು ಸಮುದ್ರದೊಳಗೆ ದೂರದ ತನಕ ನುಗ್ಗಿರ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಉಪ್ಪು ನೀರೇ ನದಿಯೊಳಗೆ ಮೇಲಕ್ಕೆ ಏರಿ ಬರ್ತದೆ, ಸಿಹಿ ನೀರು ಇಲ್ಲಿಗೆ ಮುಗೀತು ಅಂತ ಗೂಟ ಹೊಡೆಯೋಕೆ ಆಗೋದಿಲ್ಲ. ಸೂರ್ಯನ ಗಾಳಿಗೂ ಸುಮಾರು 11 ವರ್ಷದ ಏರಿಳಿತ ಇದೆ, ಅದರ ಜೊತೆ ಈ ಗಡಿಯೂ ಹಿಂದೆ ಮುಂದೆ ಆಗ್ತದೆ. ಇದಕ್ಕೆ ಹೀಲಿಯೋಪಾಸ್ ಅಂತ ಹೆಸರು, ವಾಯೇಜರ್ ಹೋದ ದಿಕ್ಕಲ್ಲಿ ಸುಮಾರು 120 ಎಯು ದೂರ.

ದಾಟಿದ್ದು ಹೇಗೆ ಗೊತ್ತಾಯ್ತು ಅನ್ನೋದೇ ಇದರಲ್ಲಿ ನನಗೆ ಎಲ್ಲಕ್ಕಿಂತ ಚಂದ ಅನಿಸೋ ಭಾಗ. ವಾಯೇಜರ್ ನೌಕೆ ಎರಡಿವೆ, ಅದರಲ್ಲಿ ವಾಯೇಜರ್ 1 ಹೊರಟಿದ್ದು 1977ರ ಸೆಪ್ಟೆಂಬರ್ 5ಕ್ಕೆ. ಸುತ್ತಲಿನ ಪ್ಲಾಸ್ಮಾ, ಅಂದ್ರೆ ವಿದ್ಯುದಾವೇಶ ಇರೋ ಕಣಗಳ ಅನಿಲ, ಅದನ್ನ ನೇರವಾಗಿ ಅಳೆಯೋ ಉಪಕರಣ 1980ರಲ್ಲೇ ಕೆಟ್ಟು ಹೋಗಿತ್ತು. 2012ರ ಆಗಸ್ಟ್ 25ಕ್ಕೆ ಸೂರ್ಯನ ಕಡೆಯ ಕಣಗಳು ದಿಢೀರ್ ಅಂತ ಇಳಿದವು, ಹೊರಗಿನ ಕಾಸ್ಮಿಕ್ ಕಿರಣ, ಅಂದ್ರೆ ಸೌರಮಂಡಲದಾಚೆಯಿಂದ ಬರೋ ಅತಿ ವೇಗದ ಕಣಗಳು, ಏರಿದವು, ದಾಟಿರಬೇಕು ಅಂತ ಕೆಲವರು ಅಂದ್ರು, ಆದ್ರೆ ಕಾಂತಕ್ಷೇತ್ರದ ದಿಕ್ಕು ಬದಲಾಗಬೇಕಿತ್ತು, ಅದು ಬದಲಾಗಲೇ ಇಲ್ಲ, ಹಾಗಾಗಿ ಒಂದು ವರ್ಷ ವಿಜ್ಞಾನಿಗಳಲ್ಲೇ ವಾದ ನಡೀತು. ಆಗ ಸೂರ್ಯನೇ ಸಹಾಯಕ್ಕೆ ಬಂದ. 2012ರ ಮಾರ್ಚಲ್ಲಿ ಸೂರ್ಯನ ಮೇಲೆ ಆಗಿದ್ದ ದೊಡ್ಡ ಸ್ಫೋಟದ ಹೊಡೆತ 13 ತಿಂಗಳು ಪ್ರಯಾಣ ಮಾಡಿ 2013ರ ಏಪ್ರಿಲಲ್ಲಿ ವಾಯೇಜರ್ ಇರೋ ಜಾಗಕ್ಕೆ ಮುಟ್ತು, ಅಲ್ಲಿನ ಪ್ಲಾಸ್ಮಾ ಕಂಪಿಸೋಕೆ ಶುರುವಾಯ್ತು, ನೌಕೆಯ ಎರಡು ಉದ್ದದ ಆಂಟೆನಾ ಆ ಕಂಪನ ಹಿಡಿದವು. ಕಂಪನ ಎಷ್ಟು ವೇಗವಾಗಿದೆ ಅನ್ನೋದರ ಮೇಲೆ ಅಲ್ಲಿ ಎಲೆಕ್ಟ್ರಾನ್ ಎಷ್ಟು ದಟ್ಟ ಇದೆ ಅಂತ ಹೇಳಬಹುದು, ಲೆಕ್ಕ ಹಾಕಿದ್ರೆ ಒಂದು ಲೀಟರ್ ಜಾಗದಲ್ಲಿ 80ರ ಹತ್ತಿರ ಎಲೆಕ್ಟ್ರಾನ್, ಸೂರ್ಯನ ಗಾಳಿಯ ಹೊರ ಅಂಚಲ್ಲಿ ಇರೋದಕ್ಕಿಂತ 40 ಪಟ್ಟು ಜಾಸ್ತಿ. ಹೊರಗಿನ ಜಾಗವೇ ಒಳಗಿಗಿಂತ ದಟ್ಟ. ಆಮೇಲೇ ನಾಸಾ 2013ರ ಸೆಪ್ಟೆಂಬರಲ್ಲಿ, ದಾಟಿ ವರ್ಷದ ಮೇಲಾಯ್ತು ಅಂತ ಘೋಷಣೆ ಮಾಡಿದ್ದು. ಐಯೋವಾ ಯೂನಿವರ್ಸಿಟಿಯ ಡಾನ್ ಗರ್ನೆಟ್ ತಂಡದ ಕೆಲಸ ಅದು. ವಾಯೇಜರ್ 2ರ ಉಪಕರಣ ಸರಿ ಇತ್ತು, ಅದು 2018ರ ನವೆಂಬರ್ 5ಕ್ಕೆ ದಾಟುವಾಗ ನೇರವಾಗೇ ಅಳೆದು ಕಳಿಸ್ತು.

ಮಗಳಿಗೆ ಇದನ್ನ ಖಂಡಿತ ಹೇಳಿ: ಎರಡೂ ವಾಯೇಜರಲ್ಲಿ ಒಂದೊಂದು ಚಿನ್ನದ ಲೇಪದ ಗ್ರಾಮಫೋನ್ ರೆಕಾರ್ಡ್ ಇದೆ, 55 ಭಾಷೆಯ ಶುಭಾಶಯದಲ್ಲಿ ಕನ್ನಡವೂ ಒಂದು, ಕನ್ನಡಿಗರ ಪರವಾಗಿ ಶುಭಾಶಯ ಅಂತ. ಅದರಲ್ಲೇ ನಮ್ಮ ಪಕ್ಕದ ಗೋವಾದಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಸೂರ್ಯನ ಗಾಳಿ ಮುಟ್ಟದ ಜಾಗದಲ್ಲಿ ಕನ್ನಡದ ಮಾತು ಹೋಗ್ತಾ ಇದೆ ಅಂದ್ರೆ ನನಗೆ ಇವತ್ತಿಗೂ ಮೈ ಜುಂ ಅಂತದೆ.

ಎರಡನೇ ಗಡಿ ಸೆಳೆತದ್ದು. 1950ರಲ್ಲಿ ನೆದರ್ಲೆಂಡಿನ ಯಾನ್ ಊರ್ಟ್, ಬಹಳ ಉದ್ದದ ಕಕ್ಷೆಯ ಧೂಮಕೇತುಗಳು ಆಕಾಶದ ಎಲ್ಲಾ ದಿಕ್ಕಿಂದಲೂ ಬರ್ತಾವೆ, ಹಾಗಾದ್ರೆ ಸೂರ್ಯನ ಸುತ್ತ ತುಂಬಾ ದೂರದಲ್ಲಿ ಅವುಗಳ ದೊಡ್ಡ ಗೋಳವೇ ಇರಬೇಕು ಅಂದ್ರು. ಅದೇ ಊರ್ಟ್ ಮೋಡ. ಅಲ್ಲೇ ಇರೋ ಒಂದು ಕಾಯವನ್ನ ನೇರವಾಗಿ ಇನ್ನೂ ಯಾರೂ ಕಂಡಿಲ್ಲ, ಆದ್ರೆ ಅಲ್ಲಿಂದ ಬಂದದ್ದನ್ನ ನಾವು ಇಲ್ಲೇ ನೋಡಿದ್ದೇವೆ. 2024ರ ಅಕ್ಟೋಬರಲ್ಲಿ ಸೂರ್ಯ ಮುಳುಗಿದ ಮೇಲೆ ಪಶ್ಚಿಮಕ್ಕೆ ಕಂಡ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಅಲ್ಲಿಯದ್ದು. ಮಾಜಾಳಿ ಬೀಚಲ್ಲಿ ಮೋಡ ಸರಿದ ಒಂದು ಸಂಜೆ ನನಗೆ ಬೈನಾಕ್ಯುಲರಲ್ಲಿ ಸಿಕ್ತು, ಸಮುದ್ರದ ಮೇಲೆ ಬಿಳಿ ತಲೆ, ಮೇಲಕ್ಕೆ ಓರೆಯಾಗಿ ಬಾಲ, ಪಕ್ಕದಲ್ಲಿ ಬಲೆ ಎಳೀತಿದ್ದ ಮೀನುಗಾರರೂ ಬಂದು ಒಬ್ಬೊಬ್ಬರೇ ನೋಡಿದ್ರು.

ಈ ಊರ್ಟ್ ಮೋಡ ಶುರುವಾಗೋದೇ ಕೆಲವು ಸಾವಿರ ಎಯು ಆದ ಮೇಲೆ, ಹೊರಗೆ ಒಂದು ಲಕ್ಷ ಎಯು ತನಕವೂ ಹಬ್ಬಿರಬಹುದು. ವಾಯೇಜರ್ 1 ಇರೋದು ಸುಮಾರು 170ರಲ್ಲಿ. ಸೆಕೆಂಡಿಗೆ 17 ಕಿಮೀ ಅದರ ವೇಗ, ಕಾರವಾರದಿಂದ ಬೆಂಗಳೂರಿಗೆ ಅರ್ಧ ನಿಮಿಷ, ಆದ್ರೂ ಊರ್ಟ್ ಮೋಡದ ಒಳ ಅಂಚು ಮುಟ್ಟೋಕೆ ಕಡಿಮೆ ಅಂದ್ರೂ 300 ವರ್ಷ, ದಾಟಿ ಹೊರಗೆ ಬರೋಕೆ 30,000 ವರ್ಷ ಬೇಕು ಅಂತ ಅಂದಾಜು. ಅಲ್ಲಿ ತನಕ ಸೂರ್ಯನದ್ದೇ ಸಂಸಾರ.

ಅದರಾಚೆ ಅಂದ್ರೆ ಬೇರೆ ನಕ್ಷತ್ರಗಳು. ಎಲ್ಲಕ್ಕಿಂತ ಹತ್ತಿರದ್ದು ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಹೋಗೋ ದೂರವೇ ಒಂದು ಜ್ಯೋತಿರ್ವರ್ಷ), ವಾಯೇಜರ್ ವೇಗದಲ್ಲಿ ಸುಮಾರು 75,000 ವರ್ಷದ ದಾರಿ. ಇಂಥ ಕಡಿಮೆ ಅಂದ್ರೂ ಹತ್ತು ಸಾವಿರ ಕೋಟಿ ನಕ್ಷತ್ರ ಸೇರಿ ನಮ್ಮ ಕ್ಷೀರಪಥ ಗೆಲಾಕ್ಸಿ, ಅಗಲ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ, ನಾವು ಅದರ ನಡುವಿಂದ 26,000 ಜ್ಯೋತಿರ್ವರ್ಷ ಹೊರಗಿದ್ದೇವೆ. ನೂರು ವರ್ಷದ ಹಿಂದೆ ದೊಡ್ಡ ದೊಡ್ಡ ವಿಜ್ಞಾನಿಗಳೇ ಇಡೀ ವಿಶ್ವ ಅಂದ್ರೆ ಇಷ್ಟೇ ಅಂತಿದ್ರು. ಕೆಲವು ನಕ್ಷತ್ರಗಳ ಬೆಳಕು ಹೆಚ್ಚು ಕಮ್ಮಿ ಆಗೋ ಅವಧಿಗೂ ಅವುಗಳ ನಿಜವಾದ ಪ್ರಕಾಶಕ್ಕೂ ಸಂಬಂಧ ಇದೆ ಅಂತ ಹೆನ್ರಿಯೆಟಾ ಲೆವಿಟ್ ಮೊದಲೇ ತೋರಿಸಿದ್ದಳು, 1923ರಲ್ಲಿ ಎಡ್ವಿನ್ ಹಬಲ್ ಅಂಥದ್ದೇ ಒಂದು ನಕ್ಷತ್ರವನ್ನ ಆಂಡ್ರೊಮಿಡಾ ಅನ್ನೋ ಆಕಾಶದ ಮಸುಕು ತೇಪೆಯಲ್ಲಿ ಹಿಡಿದು ದೂರ ಲೆಕ್ಕ ಹಾಕಿದ, ಅದು ನಮ್ಮ ಗೆಲಾಕ್ಸಿಯ ಹೊರಗೆ ಬಿತ್ತು. ಈಗಿನ ಲೆಕ್ಕದಲ್ಲಿ 25 ಲಕ್ಷ ಜ್ಯೋತಿರ್ವರ್ಷ. ಅಂಥ ಗೆಲಾಕ್ಸಿಗಳಿಗೆ ಲೆಕ್ಕವೇ ಇಲ್ಲ, ಇಡೀ ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ.

ಟೆಲಿಸ್ಕೋಪ್ ಈಗಲೇ ಬೇಡ. 7×50 ಇಲ್ಲಾ 10×50 ಬೈನಾಕ್ಯುಲರ್ ತಗೊಳ್ಳಿ, ಕೈ ನಡುಗದ ಹಾಗೆ ಗೋಡೆಗೋ ಕಂಬಕ್ಕೋ ಒರಗಿ ಹಿಡಿದ್ರೆ ಗುರುವಿನ ನಾಲ್ಕು ಚಂದ್ರರು ಕಾಣ್ತವೆ. ಆಂಡ್ರೊಮಿಡಾಕ್ಕೆ ಕಾರವಾರ ಪೇಟೆಯ ಬೆಳಕು ಆಗೋದಿಲ್ಲ, ಜೊಯಿಡಾ ಯಲ್ಲಾಪುರ ಕಡೆ ಯಾರಾದ್ರೂ ನೆಂಟರ ಮನೆ ಅಂಗಳ ಇದ್ರೆ ನವೆಂಬರಲ್ಲಿ ಅಮಾವಾಸ್ಯೆ ಹತ್ತಿರದ ರಾತ್ರಿ 8-9 ಗಂಟೆಗೆ ಉತ್ತರಕ್ಕೆ ಮುಖ ಮಾಡಿ ನೆತ್ತಿಯಿಂದ ಸ್ವಲ್ಪ ಕೆಳಗೆ ಹುಡುಕಿ, ಕ್ಯಾಸಿಯೋಪಿಯಾ ಅನ್ನೋ ನಕ್ಷತ್ರಪುಂಜದ W ಆಕಾರದ ಐದು ನಕ್ಷತ್ರದಲ್ಲಿ ಹೆಚ್ಚು ಚೂಪಾದ ಮೂಲೆ ಅದರ ಕಡೆಗೇ ತೋರಿಸ್ತದೆ, ಬೆಳ್ಳಗಿನ ಉದ್ದನೆ ಮಸುಕು ಸಿಗ್ತದೆ. ಶನಿಯ ಬಳೆ ಮಾತ್ರ ಬೈನಾಕ್ಯುಲರಲ್ಲಿ ಕಾಣೋದಿಲ್ಲ, ಮಗಳು ಅದನ್ನೇ ನೋಡಬೇಕು ಅಂತ ಹಟ ಹಿಡಿದ್ರೆ ಆಗ 70 ಮಿಮೀ ಸಣ್ಣ ಟೆಲಿಸ್ಕೋಪ್ ತಗೊಳ್ಳಿ, ಆದ್ರೆ ಸ್ಟ್ಯಾಂಡ್ ಗಟ್ಟಿ ಇದೆಯಾ ಅಂತ ಅಂಗಡಿಯಲ್ಲೇ ಅಲ್ಲಾಡಿಸಿ ನೋಡಿ.