ಓದುಗರ ಪ್ರಶ್ನೆ: ಐದೂವರೆಯಲ್ಲಿ ಎಷ್ಟು ಮುಕ್ಕಾಲು?

ಪ್ರಶ್ನೆ: ಐದೂವರೆ ಮೀಟರ್ ಹಗ್ಗವನ್ನು ಮುಕ್ಕಾಲು ಮೀಟರಿನ ತುಂಡುಗಳಾಗಿ ಕತ್ತರಿಸಬೇಕು. ಭಾಗಿಸಿದರೆ 7 1/3 ಬರುತ್ತದೆ. ಆದರೆ ಅಳೆದು ನೋಡಿದರೆ ಉಳಿಯುವುದು ಕಾಲು ಮೀಟರ್. ತಪ್ಪೆಲ್ಲಿ?

ಉತ್ತರ: ಲೆಕ್ಕ ಸರಿಯಾಗಿಯೇ ಇದೆ. ಆ 1/3 ಅನ್ನು ಮೀಟರ್ ಎಂದು ಓದಿದ್ದೇ ತೊಡಕು. ಹಗ್ಗವನ್ನು ತುಂಡಿನ ಅಳತೆಯಿಂದ ಭಾಗಿಸಿದಾಗ ಉತ್ತರ ಬರುವುದು ತುಂಡುಗಳಲ್ಲಿ. ಅಂದರೆ 7 ಇಡೀ ತುಂಡು, ಮೇಲೆ ಒಂದು ತುಂಡಿನ ಮೂರನೇ ಒಂದು ಭಾಗ. ಮುಕ್ಕಾಲು ಮೀಟರಿನ ಮೂರನೇ ಒಂದು ಭಾಗ: 1/3 × 3/4 = 1/4 ಮೀಟರ್. ನೀವು ಅಳೆದದ್ದೂ ಅಷ್ಟೇ!

ಛೇದ, ಅಂಶ ತಿರುಗಿಸಿ ಗುಣಿಸುವ ಮೊದಲು ಬಾಯಲ್ಲೇ ಹೇಳಿ ನೋಡಿ. ಮುಕ್ಕಾಲು ಎಂದರೆ ಮೂರು ಕಾಲು; ಹೆಸರಿನಲ್ಲೇ ಲೆಕ್ಕವಿದೆ. ಐದೂವರೆಯಲ್ಲಿ 22 ಕಾಲುಗಳು. 22ರಲ್ಲಿ ಮೂರು ಮೂರರಂತೆ ತೆಗೆದರೆ 7 ಸಲ, ಉಳಿದದ್ದು ಒಂದು ಕಾಲು. ತಿರುಗಿಸಿದರೂ 11/2 × 4/3 = 22/3, ಅದೇ ಉತ್ತರ. 5 1/2 ಎಂಬ ಮಿಶ್ರ ಭಿನ್ನರಾಶಿಯನ್ನು ಮೊದಲು 11/2 ಮಾಡಿಕೊಳ್ಳಿ; ತಿರುಗಿಸಬೇಕಾದದ್ದು ಭಾಗಿಸುವ 3/4 ಅನ್ನು ಮಾತ್ರ, 11/2 ಅನ್ನೂ ತಿರುಗಿಸಿದರೆ ಎಲ್ಲವೂ ಕೆಡುತ್ತದೆ.

ಪ್ರಶ್ನೆ: 2/3 ಲೀಟರ್ ನೀರಿಗೆ ಪಾತ್ರೆ ಕಾಲು ಭಾಗ ತುಂಬಿತು. ಪೂರ್ತಿ ತುಂಬಲು ಎಷ್ಟು ಬೇಕು? ಗುಣಿಸಬೇಕೋ, ಭಾಗಿಸಬೇಕೋ?

ಉತ್ತರ: 1/4 ಇಂದ ಭಾಗಿಸಿ: 2/3 × 4 = 8/3, ಅಂದರೆ ಒಟ್ಟು 2 2/3 ಲೀಟರ್. 1/4 ಇಂದ ಗುಣಿಸಿದರೆ 1/6 ಲೀಟರ್ ಬರುತ್ತದೆ. ಕಾಲು ಪಾತ್ರೆಗೆ ಹಿಡಿದದ್ದಕ್ಕಿಂತ ಇಡೀ ಪಾತ್ರೆಗೆ ಕಡಿಮೆ ಹಿಡಿಯುವುದುಂಟೇ?