17ರ ಮಗನ ಕಾರ್ ಇನ್ಶೂರೆನ್ಸ್: ಅಪ್ಪನ ಹೆಸರಿಗೆ ಮಾಡಿಸಬೇಡಿ, ಬೇರೆ ದಾರಿ ಇದೆ

ಮೇಡಂ, ಮೊದಲು ಮಗನಿಗೆ ಅಭಿನಂದನೆ ಹೇಳಿ. ಇಂಗ್ಲೆಂಡಿನಲ್ಲಿ ಈಗ ಡ್ರೈವಿಂಗ್ ಟೆಸ್ಟಿಗೆ ತಾರೀಖು ಸಿಗುವುದೇ ಕಷ್ಟ. ಅಂಥದ್ದರಲ್ಲಿ 17ಕ್ಕೇ ಪಾಸಾಗಿದ್ದಾನೆ ಅಂದರೆ ಸಣ್ಣ ಮಾತಲ್ಲ.

ನೀವು ಬರೆದದ್ದು ಇಷ್ಟು. ಮನೆ ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಮಗ ನಮ್ಮ ಪಿಯುಸಿಯಂಥ ಸಿಕ್ಸ್ತ್ ಫಾರ್ಮ್‌ಗೆ ದಿನಾ ಕಾರಿನಲ್ಲಿ ಹೋಗಬೇಕು, ಶನಿವಾರ ಅಂಗಡಿ ಕೆಲಸಕ್ಕೂ ಹೋಗಬೇಕು. 3,500 ಪೌಂಡಿಗೆ ಒಂದು ಹಳೆಯ 1.6 ಫೋರ್ಡ್ ಫೋಕಸ್ ನೋಡಿಟ್ಟಿದ್ದೀರಿ. ಅದಕ್ಕೆ ಇನ್ಶೂರೆನ್ಸ್ ಕ್ವೋಟ್ (ಕಂಪನಿ ಹೇಳುವ ಬೆಲೆ) 2,600 ಪೌಂಡ್ ಬಂದಿದೆ. ಈ ಗುಂಪಿನಲ್ಲಿ ಇಬ್ಬರು "ಯಜಮಾನರ ಹೆಸರಿಗೆ ಪಾಲಿಸಿ ಮಾಡಿಸಿ, ಮಗನನ್ನು ಸುಮ್ನೆ ನೇಮ್ಡ್ ಡ್ರೈವರ್ (ಆಗೀಗ ಓಡಿಸುವವನು) ಅಂತ ಸೇರಿಸಿ, ಅರ್ಧಕ್ಕರ್ಧ ಇಳಿಯುತ್ತೆ" ಅಂದಿದ್ದಾರೆ. ಅದನ್ನು ನೋಡಿಯೇ ಇಷ್ಟುದ್ದ ಬರೆಯುತ್ತಿದ್ದೇನೆ. ದಯವಿಟ್ಟು ಆ ದಾರಿ ಹಿಡಿಯಬೇಡಿ.

ನಾನು ಇಲ್ಲಿ ಕೆಲವು ವರ್ಷ ಮೋಟಾರ್ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವನು. ನಮ್ಮ ಮನೆಯಲ್ಲೂ ಇಬ್ಬರು ಮಕ್ಕಳು ಈ ಹಂತ ದಾಟಿದ್ದಾರೆ. ಅವರು ಹೇಳಿದ ಉಪಾಯಕ್ಕೆ ಫ್ರಂಟಿಂಗ್ ಅನ್ನುತ್ತಾರೆ. ಗಾಡಿ ದಿನಾ ಓಡಿಸುವವನು ಮಗ, ಕಾಗದದಲ್ಲಿ ಮೇನ್ ಡ್ರೈವರ್ ಅಪ್ಪ. ಕಾನೂನಿನ ಕಣ್ಣಲ್ಲಿ ಇದು ವಂಚನೆ. ಪಾಲಿಸಿ ಕೊಡುವಾಗ ಯಾರೂ ಕೆದಕಿ ಕೇಳುವುದಿಲ್ಲ, ಹಣ ಕಟ್ಟಿಸಿಕೊಳ್ಳುತ್ತಾರೆ. ಕೇಳುವುದು ಅಪಘಾತವಾದ ಮೇಲೆ. ವಾರದ ದಿನ ಬೆಳಿಗ್ಗೆ ಎಂಟೂವರೆಗೆ ಕಾಲೇಜಿನ ಹತ್ತಿರ ಗಾಡಿ ಯಾಕಿತ್ತು? ಅಪ್ಪ ಕೆಲಸಕ್ಕೆ ಯಾವುದರಲ್ಲಿ ಹೋಗುತ್ತಾರೆ? ಅವರ ಹೆಸರಿನಲ್ಲಿ ಇನ್ನೊಂದು ಕಾರು ಇದೆಯಾ? ಕಾಲೇಜಿನ ಪಾರ್ಕಿಂಗ್ ಪರ್ಮಿಟ್ ಯಾರ ಹೆಸರಲ್ಲಿದೆ? ನಾಲ್ಕು ಪ್ರಶ್ನೆಯಲ್ಲೇ ವಿಷಯ ಹೊರಗೆ ಬರುತ್ತದೆ. ನಿಮ್ಮ ಯಜಮಾನರಿಗೆ ಆಗಲೇ ಒಂದು ನಿಸ್ಸಾನ್ ಕಶ್ಕಾಯ್ ಕಾರು ಇದೆ ಅಂತ ನೀವೇ ಬರೆದಿದ್ದೀರಿ. ಒಬ್ಬ ಮನುಷ್ಯ ಎರಡು ಕಾರಿಗೂ ಮೇನ್ ಡ್ರೈವರ್, ಎರಡನೆಯದು ಹಳೆಯ ಸಣ್ಣ ಗಾಡಿ, ಅದಕ್ಕೆ 17ರ ಹುಡುಗ ನೇಮ್ಡ್ ಡ್ರೈವರ್. ಕ್ಲೇಮ್ ನೋಡುವವರಿಗೆ ಇದು ತೀರಾ ಪರಿಚಿತ ಕಥೆ.

ಸಿಕ್ಕಿಬಿದ್ದರೆ ಏನಾಗುತ್ತದೆ? 2012ರ ಗ್ರಾಹಕ ವಿಮಾ ಕಾಯಿದೆಯ ಪ್ರಕಾರ, ಗೊತ್ತಿದ್ದೂ ಸುಳ್ಳು ಹೇಳಿದರೆ ಕಂಪನಿ ಪಾಲಿಸಿಯನ್ನೇ ರದ್ದು ಮಾಡಬಹುದು, ಕಟ್ಟಿದ ಪ್ರೀಮಿಯಂ ಕೂಡ ಇಟ್ಟುಕೊಳ್ಳಬಹುದು. ನಿಮ್ಮ ಗಾಡಿಯ ರಿಪೇರಿ ಹಣ ಬರುವುದಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಎದುರಿನ ಗಾಡಿಯವರಿಗೆ ಪೆಟ್ಟಾದರೆ ಕಂಪನಿ ಅವರಿಗೆ ಪರಿಹಾರ ಕೊಡಲೇಬೇಕಾಗಬಹುದು. ಆಮೇಲೆ ಅದೇ ಹಣವನ್ನು ನಿಮ್ಮಿಂದ ವಸೂಲಿ ಮಾಡಲು ಬರುತ್ತದೆ. ಮಗನ ಮೇಲೆ ಇನ್ಶೂರೆನ್ಸ್ ಇಲ್ಲದೆ ಓಡಿಸಿದ ಕೇಸು ಬಿದ್ದರೆ ಲೈಸೆನ್ಸ್ ಮೇಲೆ ಕನಿಷ್ಠ 6 ದಂಡದ ಪಾಯಿಂಟ್. ಹೊಸಬರಿಗೆ ಪಾಸಾದ ಎರಡು ವರ್ಷದೊಳಗೆ 6 ಪಾಯಿಂಟ್ ಬಿದ್ದರೆ ಲೈಸೆನ್ಸ್ ಹೋಯಿತು ಅಂತಲೇ ಲೆಕ್ಕ. ಥಿಯರಿ, ಪ್ರಾಕ್ಟಿಕಲ್ ಎರಡನ್ನೂ ಮತ್ತೆ ಬರೆದು ಪಾಸಾಗಬೇಕು. ಮುಂದೆ ಯಾವ ಇನ್ಶೂರೆನ್ಸ್ ಕೇಳಿದರೂ "ಹಿಂದೆ ಪಾಲಿಸಿ ರದ್ದಾಗಿತ್ತಾ" ಅನ್ನುವ ಪ್ರಶ್ನೆಗೆ ಅಪ್ಪನೂ ಹೌದು ಅನ್ನಬೇಕು. ಮನೆ ಇನ್ಶೂರೆನ್ಸ್‌ಗೂ ಅದು ಅಡ್ಡ ಬರಬಹುದು.

ನಮ್ಮವರು ಇದನ್ನು ತಪ್ಪು ಅಂದುಕೊಳ್ಳದೇ ಮಾಡುವುದಕ್ಕೆ ಒಂದು ಕಾರಣ ಇದೆ. ಊರಿನಲ್ಲಿ, ಅಂದರೆ ಭಾರತದಲ್ಲಿ, ಇನ್ಶೂರೆನ್ಸ್ ಕಾರಿಗೆ. ಅಪ್ಪನ ಕಾರನ್ನು ಲೈಸೆನ್ಸ್ ಇರುವ ಮಗ, ಅಳಿಯ, ಡ್ರೈವರ್ ಯಾರು ಓಡಿಸಿದರೂ ನಡೆಯುತ್ತದೆ. ಥರ್ಡ್ ಪಾರ್ಟಿ (ಬೇರೆಯವರಿಗಾದ ನಷ್ಟಕ್ಕೆ ಮಾತ್ರದ ಇನ್ಶೂರೆನ್ಸ್) ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ. 2022ರ ಜೂನ್‌ನಲ್ಲಿ ಗೊತ್ತು ಮಾಡಿದ್ದು 1000 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416 ರೂಪಾಯಿ. ಓಡಿಸುವವನಿಗೆ 18 ಆಗಿದೆಯಾ 58 ಆಗಿದೆಯಾ ಅನ್ನುವುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. ಬ್ರಿಟನ್ನಿನಲ್ಲಿ ಇನ್ಶೂರೆನ್ಸ್ ಹೆಚ್ಚಾಗಿ ಮನುಷ್ಯನಿಗೆ. ಯಾರು, ಎಷ್ಟು ವಯಸ್ಸು, ಎಷ್ಟು ವರ್ಷದ ಅನುಭವ, ಎಲ್ಲಿ ವಾಸ, ಯಾವ ಗಾಡಿ ಅನ್ನುವುದನ್ನೆಲ್ಲ ಸೇರಿಸಿ ಬೆಲೆ ಕಟ್ಟುತ್ತಾರೆ. ಪಾಲಿಸಿಯಲ್ಲಿ ಹೆಸರಿಲ್ಲದವರು ಸಾಮಾನ್ಯವಾಗಿ ಆ ಗಾಡಿ ಮುಟ್ಟುವ ಹಾಗಿಲ್ಲ.

ಇಷ್ಟು ಜಾಸ್ತಿ ಯಾಕೆ ಅಂತ ಕೇಳಿದ್ದೀರಿ. ಹಳೆಯ ಫೋಕಸ್ ಪೂರ್ತಿ ಜಜ್ಜಿಹೋದರೂ ಕಂಪನಿಗೆ 3,500 ಪೌಂಡ್ ನಷ್ಟ, ಅಷ್ಟೇ. ಅವರ ಭಯ ಅದಲ್ಲ. ಬ್ರಿಟನ್ನಿನಲ್ಲಿ ಬೇರೆಯವರಿಗೆ ಆದ ದೇಹದ ಗಾಯಕ್ಕೆ ಇನ್ಶೂರೆನ್ಸ್ ಕಂಪನಿ ಕೊಡಬೇಕಾದ ಹಣಕ್ಕೆ ಮಿತಿಯೇ ಇಲ್ಲ. ಹೊಸ ಹುಡುಗರ ಅಪಘಾತಗಳಲ್ಲಿ ರಾತ್ರಿ ಹೊತ್ತು, ಗಾಡಿ ತುಂಬ ಸ್ನೇಹಿತರು ಇರುವಾಗ ಆಗುವುದು ಜಾಸ್ತಿ. ಹಿಂದೆ ಕೂತ ಹುಡುಗನೊಬ್ಬನಿಗೆ ಬೆನ್ನುಹುರಿಗೆ ಪೆಟ್ಟಾದರೆ ಅವನ ಜೀವಮಾನದ ಆರೈಕೆಯ ಖರ್ಚನ್ನು ಆ ಪಾಲಿಸಿಯೇ ಹೊರಬೇಕು. ಅಂಥದ್ದು ಅಪರೂಪ, ಆದರೆ ಒಂದೊಂದು ಕೇಸೂ ಲಕ್ಷಾಂತರ ಪೌಂಡಿನದು. ಆ ಭಾರವನ್ನು ಎಲ್ಲ ಹೊಸ ಚಾಲಕರ ಮೇಲೆ ಹಂಚುತ್ತಾರೆ. ನಿಮ್ಮ ಮಗ ಎಷ್ಟೇ ನಿಧಾನಿ ಇರಲಿ, ಮೊದಲ ವರ್ಷ ಅವನದು ಅಂತ ತೋರಿಸಲು ಯಾವ ದಾಖಲೆಯೂ ಇಲ್ಲವಲ್ಲ. ಇದರ ಮೇಲೆ 12 ಶೇಕಡಾ ತೆರಿಗೆ. ನಿಮ್ಮ 2,600ರಲ್ಲಿ ಸುಮಾರು 280 ಪೌಂಡ್ ಸರ್ಕಾರಕ್ಕೇ ಹೋಗುತ್ತದೆ. ಇದು ನನಗೆ ಅನ್ಯಾಯ ಅನ್ನಿಸುತ್ತದೆ. ಕಾನೂನಿಗಾಗಿ ಮಾಡಿಸಲೇಬೇಕಾದ ಇನ್ಶೂರೆನ್ಸ್ ಮೇಲೆ, ಅದೂ ದುಡಿಮೆಯೇ ಇಲ್ಲದ ವಯಸ್ಸಿನವರ ಮೇಲೆ, ಇಷ್ಟು ತೆರಿಗೆ ಬೇಕಿರಲಿಲ್ಲ.

ಮಗಳಾಗಿದ್ದರೆ ಕಡಿಮೆ ಬರುತ್ತಿತ್ತಾ ಅಂತ ಇನ್ನೊಬ್ಬರು ಕೇಳಿದ್ದಾರೆ. 2012ರ ಡಿಸೆಂಬರ್ 21ರಿಂದ ಗಂಡು ಹೆಣ್ಣು ಅಂತ ನೋಡಿ ಬೆಲೆ ಹಾಕುವ ಹಾಗಿಲ್ಲ.

ಈಗ ಇಳಿಸುವ ವಿಚಾರ. ಮೊದಲ ಕೆಲಸ, ಆ ಫೋಕಸ್ ಬಿಡಿ. ಬ್ರಿಟನ್ನಿನಲ್ಲಿ ಕಾರುಗಳಿಗೆ 1ರಿಂದ 50ರವರೆಗೆ ಇನ್ಶೂರೆನ್ಸ್ ಗ್ರೂಪ್ ಇದೆ. 1 ಅಂದರೆ ಅಗ್ಗ. 1.0 ಎಂಜಿನ್ನಿನ ಹ್ಯುಂಡೈ ಐ10, ಕಿಯಾ ಪಿಕಾಂಟೊ, ಫೋಕ್ಸ್‌ವ್ಯಾಗನ್ ಅಪ್, ಸ್ಕೋಡಾ ಸಿಟಿಗೊ ಇವುಗಳಲ್ಲಿ ಹಲವು ಮಾಡೆಲ್ ತೀರಾ ಕೆಳಗಿನ ಗ್ರೂಪ್‌ಗಳಲ್ಲಿವೆ. ಒಂದೇ ಹೆಸರಿನ ಕಾರಿನಲ್ಲೂ ಎಂಜಿನ್, ಟ್ರಿಮ್ (ಒಳಹೊರಗಿನ ಸೌಲಭ್ಯಗಳ ಮಟ್ಟ) ಬದಲಾದರೆ ಗ್ರೂಪ್ ಬದಲಾಗುತ್ತದೆ. ಹಾಗಾಗಿ ಕಾರು ಕೊಂಡು ಆಮೇಲೆ ಇನ್ಶೂರೆನ್ಸ್ ನೋಡಬೇಡಿ. ಮಾರಾಟಕ್ಕಿರುವ ಗಾಡಿಯ ನಂಬರ್ ಹಾಕಿ ಮೊದಲು ಕ್ವೋಟ್ ತೆಗೆಯಿರಿ. ಕೆಲವೊಮ್ಮೆ ಸಾವಿರ ಪೌಂಡ್ ಜಾಸ್ತಿ ಕೊಟ್ಟು ಒಳ್ಳೆ ಕಾರು ಕೊಳ್ಳುವುದೇ ಎರಡು ವರ್ಷದ ಲೆಕ್ಕದಲ್ಲಿ ಲಾಭ. ಅಲಾಯ್ ಚಕ್ರ, ಎಕ್ಸಾಸ್ಟ್ ಬದಲಿಸಿದ ಗಾಡಿಯ ತಂಟೆಗೆ ಹೋಗಬೇಡಿ.

ಎರಡನೆಯದು ಬ್ಲಾಕ್ ಬಾಕ್ಸ್. ಗಾಡಿಗೆ ಒಂದು ಪೆಟ್ಟಿಗೆ ಕೂರಿಸುತ್ತಾರೆ, ಅಥವಾ ಮೊಬೈಲ್ ಆಪ್ ಕೊಡುತ್ತಾರೆ. ವೇಗ, ಬ್ರೇಕ್, ತಿರುವು, ಓಡಿಸುವ ಹೊತ್ತು ಎಲ್ಲವನ್ನೂ ಅದು ಅಳೆದು, ಹೇಗೆ ಓಡಿಸುತ್ತಾನೆ ಅಂತ ಅಂಕ ಹಾಕುತ್ತದೆ. 17ರ ವಯಸ್ಸಿಗೆ ಹೆಚ್ಚಾಗಿ ಇದೇ ಅಗ್ಗ. ನನ್ನ ಮಕ್ಕಳಿಬ್ಬರಿಗೂ ಇದನ್ನೇ ಮಾಡಿಸಿದ್ದು. ದುಡ್ಡಿಗಿಂತ ಹೆಚ್ಚಾಗಿ ನನಗೆ ಇಷ್ಟವಾದದ್ದು, ಸ್ನೇಹಿತರು "ಇನ್ನೂ ಸ್ವಲ್ಪ ಜೋರಾಗಿ ಓಡಿಸೋ" ಅಂದಾಗ ಹುಡುಗರಿಗೆ ಹೇಳಲು ಒಂದು ನೆಪ ಸಿಗುತ್ತದೆ. ಬಾಕ್ಸ್ ಇದೆ, ಆಗಲ್ಲ ಅಂದರೆ ಮುಗಿಯಿತು. ಆದರೆ ಷರತ್ತು ಓದಿ. ಕೆಲವದರಲ್ಲಿ ರಾತ್ರಿ ಓಡಿಸಿದರೆ ಅಂಕ ಕಡಿಮೆಯಾಗುತ್ತದೆ. ಅಂಗಡಿ ಕೆಲಸ ಮುಗಿಸಿ ತಡವಾಗಿ ಬರುವ ಹುಡುಗನಿಗೆ ಅದು ಸರಿಹೋಗುವುದಿಲ್ಲ. ಅಪ್ಪ ಆ ಕಾರನ್ನು ಜೋರಾಗಿ ಓಡಿಸಿದರೂ ಅಂಕ ಮಗನದೇ ಹೋಗುತ್ತದೆ, ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ.

ಹೆಸರು ಸೇರಿಸುವುದನ್ನು ಸರಿಯಾದ ರೀತಿಯಲ್ಲೂ ಮಾಡಬಹುದು. ಮಗ ಮೇನ್ ಡ್ರೈವರ್ ಆಗಿರಲಿ, ನಿಮ್ಮಿಬ್ಬರಲ್ಲಿ ಒಬ್ಬರನ್ನು ನೇಮ್ಡ್ ಡ್ರೈವರ್ ಮಾಡಿ. ನಿಜವಾಗಿಯೂ ನೀವು ಆಗೀಗ ಆ ಕಾರು ಓಡಿಸುವುದಾದರೆ ಇದರಲ್ಲಿ ಏನೂ ತಪ್ಪಿಲ್ಲ. ಅನುಭವ ಇರುವವರ ಹೆಸರು ಸೇರಿದರೆ ಬೆಲೆ ಹಲವು ಸಲ ಇಳಿಯುತ್ತದೆ. ಒಬ್ಬೊಬ್ಬರ ಹೆಸರು ಹಾಕಿ, ತೆಗೆದು ನೋಡಿ.

ಇನ್ನೊಂದು ಮಾತು. ಅವನು ಮುಂದಿನ ವರ್ಷ ಯೂನಿವರ್ಸಿಟಿಗೆ ಹೋಗುತ್ತಾನಲ್ಲ, ಕಾರು ಜೊತೆಗೆ ಹೋಗುತ್ತದಾ? ಹೋಗುವುದಾದರೆ ರಾತ್ರಿ ಗಾಡಿ ನಿಲ್ಲುವ ಆ ಊರಿನ ವಿಳಾಸವನ್ನೇ ಕೊಡಬೇಕು. ಹೋಗದಿದ್ದರೆ ಅವನಿಗೆ ಸ್ವಂತ ಕಾರು ಬೇಕೇ ಇಲ್ಲದಿರಬಹುದು. ರಜೆಗೆ ಬಂದಾಗ ಮಾತ್ರ ಕಶ್ಕಾಯ್ ಓಡಿಸುವುದಾದರೆ ಅಪ್ಪನ ಪಾಲಿಸಿಗೆ ಅವನನ್ನು ಸೇರಿಸುವುದು ಪೂರ್ತಿ ನ್ಯಾಯವಾದದ್ದೇ. ದಿನದ ಲೆಕ್ಕದಲ್ಲಿ ಸಿಗುವ ತಾತ್ಕಾಲಿಕ ಇನ್ಶೂರೆನ್ಸ್ ಕೂಡ ಇದೆ. ಆದರೆ ನೇಮ್ಡ್ ಡ್ರೈವರ್ ಆಗಿದ್ದಷ್ಟು ದಿನ ಸಾಮಾನ್ಯವಾಗಿ ಅವನ ಹೆಸರಿಗೆ ನೋ ಕ್ಲೇಮ್ಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಸೇರುವುದಿಲ್ಲ. ಸ್ವಂತ ಪಾಲಿಸಿಯಲ್ಲಿ ಕ್ಲೇಮ್ ಇಲ್ಲದೆ ಒಂದು ವರ್ಷ ಕಳೆದರೆ ಎರಡನೇ ವರ್ಷ ಅದರ ಫಲ ಕಾಣುತ್ತದೆ.

ಚಿಕ್ಕಪುಟ್ಟವು ಬೇಗ ಹೇಳಿಬಿಡುತ್ತೇನೆ. ಥರ್ಡ್ ಪಾರ್ಟಿ ಮಾತ್ರ ತೆಗೆದರೆ ಅಗ್ಗ ಅಂದುಕೊಳ್ಳಬೇಡಿ, ಇಲ್ಲಿ ಹುಡುಗರಿಗೆ ನಮ್ಮ ಗಾಡಿಯ ಹಾನಿಯೂ ಸೇರಿದ ಕಾಂಪ್ರಿಹೆನ್ಸಿವ್ ಪಾಲಿಸಿಯೇ ಹಲವು ಸಲ ಕಡಿಮೆಗೆ ಬರುತ್ತದೆ. ಎರಡನ್ನೂ ಹಾಕಿ ನೋಡಿ. ಪಾಲಿಸಿ ಶುರುವಾಗುವ ಮೂರು ನಾಲ್ಕು ವಾರ ಮೊದಲೇ ಕ್ವೋಟ್ ತೆಗೆಯಿರಿ, ಹಿಂದಿನ ದಿನ ತೆಗೆದರೆ ಜಾಸ್ತಿ. ತಿಂಗಳ ಕಂತಿಗೆ ಬಡ್ಡಿ ಇದೆ, ಸಾಧ್ಯವಾದರೆ ಒಟ್ಟಿಗೇ ಕಟ್ಟಿ. ಎಕ್ಸೆಸ್, ಅಂದರೆ ಕ್ಲೇಮಿನಲ್ಲಿ ನಾವೇ ಹಾಕಬೇಕಾದ ಮೊತ್ತ, ಏರಿಸಿದರೆ ಪ್ರೀಮಿಯಂ ಇಳಿಯುತ್ತದೆ. ಆದರೆ ಹುಡುಗರಿಗೆ ಕಡ್ಡಾಯ ಎಕ್ಸೆಸ್ ಬೇರೆಯೇ ಇರುತ್ತದೆ, ಎರಡೂ ಸೇರಿ ಸಾವಿರ ಪೌಂಡ್ ಆದರೆ ಸಣ್ಣ ಪೆಟ್ಟಿಗೆಲ್ಲ ಕೈಯಿಂದಲೇ ಹಾಕಬೇಕು. ಟೆಸ್ಟ್ ಪಾಸಾದವರಿಗೆ ಇರುವ ಹೆಚ್ಚಿನ ತರಬೇತಿ ಪಾಸ್ ಪ್ಲಸ್ ಕೋರ್ಸಿಗೆ ಎಲ್ಲ ಕಂಪನಿ ರಿಯಾಯಿತಿ ಕೊಡುವುದಿಲ್ಲ, ಕೇಳಿಕೊಂಡು ಹಣ ಕಟ್ಟಿ. ಮೈಲಿ ಲೆಕ್ಕವನ್ನು ಕಡಿಮೆ ಹೇಳಬೇಡಿ.

ಇನ್‌ಸ್ಟಾಗ್ರಾಂ, ವಾಟ್ಸಾಪ್‌ಗಳಲ್ಲಿ "ಹೊಸ ಡ್ರೈವರ್‌ಗೆ 600 ಪೌಂಡ್" ಅಂತ ಯಾರಾದರೂ ಬಂದರೆ ನಂಬಬೇಡಿ. ಇವರಿಗೆ ಘೋಸ್ಟ್ ಬ್ರೋಕರ್ ಅಂತಲೇ ಹೆಸರು. ಸುಳ್ಳು ಕಾಗದ ಕೊಡುತ್ತಾರೆ, ಅಥವಾ ನಿಮ್ಮ ವಿವರ ತಿರುಚಿ ನಿಜವಾದ ಪಾಲಿಸಿ ತೆಗೆಯುತ್ತಾರೆ. ಪೊಲೀಸ್ ನಿಲ್ಲಿಸಿದರೆ ಗಾಡಿ ಅಲ್ಲೇ ಎತ್ತಿಕೊಂಡು ಹೋಗುತ್ತಾರೆ, 300 ಪೌಂಡ್ ದಂಡ, ಮತ್ತೆ ಅದೇ 6 ಪಾಯಿಂಟ್. ಕಂಪನಿಯ ಹೆಸರು ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆಯಾದ ಎಫ್‌ಸಿಎ ಪಟ್ಟಿಯಲ್ಲಿ ಇದೆಯಾ ನೋಡಿ.

ಬೆಂಗಳೂರಿನಿಂದ ಹೊಸದಾಗಿ ಬಂದಿರುವ ತಮ್ಮಂದಿರೂ ಇದನ್ನು ಓದುತ್ತಿದ್ದರೆ, ನಿಮ್ಮ ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ 12 ತಿಂಗಳು ಮಾತ್ರ ನಡೆಯುತ್ತದೆ. ನೇರವಾಗಿ ಬದಲಿಸಿಕೊಡುವುದಿಲ್ಲ, ಟೆಸ್ಟ್ ಕೊಡಲೇಬೇಕು. ಊರಿನಲ್ಲಿ ಓಡಿಸಿದ ವರ್ಷಗಳನ್ನು ಕೆಲವೇ ಕಂಪನಿಗಳು ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಫೋನ್ ಮಾಡಿ ಕೇಳಿ.

ಮೇಡಂ, ಒಂದು ತುರ್ತಾದ ವಿಷಯ. ಮಗ ಇಷ್ಟು ದಿನ ಕಶ್ಕಾಯ್‌ನಲ್ಲಿ ಲರ್ನರ್ ಇನ್ಶೂರೆನ್ಸ್ ಮೇಲೆ ಅಭ್ಯಾಸ ಮಾಡುತ್ತಿದ್ದ ಅಂದಿರಿ. ಅಂಥ ಪಾಲಿಸಿ ಸಾಮಾನ್ಯವಾಗಿ ಟೆಸ್ಟ್ ಪಾಸಾದ ಗಳಿಗೆಗೇ ಮುಗಿಯುತ್ತದೆ. ಹೊಸದು ಆಗುವವರೆಗೆ ಅವನ ಕೈಗೆ ಕೀಲಿ ಕೊಡಬೇಡಿ, ಮೂಲೆ ಅಂಗಡಿಗೂ ಬೇಡ. ಇವತ್ತು ಸಂಜೆ ಒಂದು 1.0 ಐ10, ಒಂದು ಪಿಕಾಂಟೊ ನಂಬರ್ ಹಾಕಿ, ಬ್ಲಾಕ್ ಬಾಕ್ಸ್ ಇಟ್ಟು ಮತ್ತು ಇಲ್ಲದೆ, ನಿಮ್ಮ ಹೆಸರು ಸೇರಿಸಿ ಮತ್ತು ಸೇರಿಸದೆ ಕ್ವೋಟ್ ತೆಗೆದು ಇಲ್ಲಿ ಹಾಕಿ. ವಿಳಾಸ, ಹುಟ್ಟಿದ ದಿನ ಕಾಣದ ಹಾಗೆ ಮುಚ್ಚಿ ಹಾಕಿ. ಯಾವುದರಲ್ಲಿ ಎಕ್ಸೆಸ್ ಎಷ್ಟಿದೆ ಅಂತ ನಾನು ಕೂತು ಓದಿ ಹೇಳುತ್ತೇನೆ.